ಎಷ್ಟು ವರ್ಷ ಪಂಪು ಹೊತ್ತಿರಿ ಎಂದು ಯಾರೂ ಕೇಳಲಿಲ್ಲ

ಮಾನ್ಯ ಸಂಪಾದಕರೇ,

ಏಪ್ರಿಲ್ 11ರ ವಿಶ್ವ ಪಾರ್ಕಿನ್ಸನ್ ದಿನಕ್ಕೆಂದು ತಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹವನ್ನು ನಾನು ಎರಡು ಸಲ ಓದಿದೆ. ಮೊದಲ ಸಲ, ಅದು ಅಚ್ಚಾದ ದಿನ. ಎರಡನೆಯ ಸಲ, ನನ್ನ ತಮ್ಮನ ಮಗಳನ್ನು ನೋಡಿಕೊಂಡು ಹೋಗಿದ್ದವರು ಅದೇ ಪುಟದ ಚಿತ್ರವನ್ನು ಮೊಬೈಲಿಗೆ ಕಳುಹಿಸಿ, "ಇದು ವಂಶದಲ್ಲಿ ಹರಿದು ಬರುವ ಕಾಯಿಲೆಯಂತೆ, ನಮ್ಮ ಹಿರಿಯರು ಹಿಂಜರಿಯುತ್ತಿದ್ದಾರೆ" ಎಂದು ತಿಳಿಸಿದ ಸಂಜೆ. ಜಾತಕ ಕೂಡಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಉಪ್ಪಿಟ್ಟು, ಕಾಫಿ ಆದ ಮೇಲೆ ಕೈ ತೊಳೆಯಲು ಹೋದವರಲ್ಲಿ ಯಾರೋ ಒಬ್ಬರು, ಒಳಕೋಣೆಯಲ್ಲಿ ಕುಳಿತಿದ್ದ ನಮ್ಮ ತಂದೆಯವರ ಎಡಗೈ ತೊಡೆಯ ಮೇಲೆ ನಡುಗುತ್ತಿದ್ದುದನ್ನು ಕಂಡಿದ್ದರು.

ತಮ್ಮ ಬರಹದಲ್ಲಿ ಕಾಯಿಲೆಯ ಲಕ್ಷಣಗಳಿಗೆ, ವ್ಯಾಯಾಮಕ್ಕೆ, ಆಹಾರಕ್ಕೆ ಸಾಕಷ್ಟು ಜಾಗವಿತ್ತು. ಅದು ಯಾಕೆ ಬರುತ್ತದೆ ಎಂಬುದಕ್ಕೆ ಇದ್ದದ್ದು ಒಂದೇ ವಾಕ್ಯ: ವಯಸ್ಸಿನಿಂದ ಮತ್ತು ಆನುವಂಶಿಕವಾಗಿ ಬರುತ್ತದೆ ಎಂದು. ಆ ವಾಕ್ಯ ಪೂರ್ತಿ ಸುಳ್ಳಲ್ಲ. ಆದರೆ ಅದು ಅರ್ಧ ದಾರಿಯಲ್ಲೇ ನಿಂತುಬಿಟ್ಟಿದೆ, ಹಾಗೆ ನಿಂತದ್ದರಿಂದ ಒಂದು ಮನೆಗೆ ನೋವಾಗಿದೆ. ನಾನು ವೈದ್ಯಳಲ್ಲ. ಕೊಪ್ಪ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ 31 ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು, 13 ವರ್ಷಗಳಿಂದ ತಂದೆಯವರ ಮಾತ್ರೆಯ ವೇಳೆ ಕಾಯುತ್ತಿರುವವಳು.

ತಂದೆಯವರಿಗೆ ಈಗ 84. ಕೈ ನಡುಗತೊಡಗಿದ್ದು 2012ರಲ್ಲಿ. ಕಾಯಿಲೆ ಮನೆ ಹೊಕ್ಕದ್ದು ಅದಕ್ಕೂ ಎಷ್ಟೋ ಮೊದಲೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಕಾಫಿ ತೋಟವಿರುವವರಿಗೆ ಹೇಳಬೇಕಾಗಿಲ್ಲ, ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಬೆಳ್ಳಗೆ ಅರಳಿದಾಗ ಆ ಪರಿಮಳ ದೇವರ ಕೋಣೆಯವರೆಗೂ ಬಂದು ನಿಲ್ಲುತ್ತದೆ. 2005ರ ಸುಮಾರಿಗೆ ಅಂಥದೊಂದು ಬೆಳಿಗ್ಗೆ ತಂದೆಯವರು ಅಂಗಳದಲ್ಲಿ ನಿಂತು, "ಈ ವರ್ಷ ಹೂವಿಗೆ ಪರಿಮಳವೇ ಇಲ್ಲವಲ್ಲ" ಎಂದರು. ನಾವೆಲ್ಲ ಆ ಪರಿಮಳದ ನಡುವೆಯೇ ನಿಂತಿದ್ದೆವು. ನೆಗಡಿಯಿರಬೇಕೆಂದು ಅಮ್ಮ ನೀಲಗಿರಿ ಎಣ್ಣೆ ಹಾಕಿ ಹಬೆ ಕೊಟ್ಟಳು. ಆಮೇಲೆ ನಿದ್ದೆಯಲ್ಲಿ ಕೂಗುವುದು, ಕೈಕಾಲು ಬೀಸುವುದು ಶುರುವಾಯಿತು. ಒಂದು ರಾತ್ರಿ ಅಮ್ಮನ ಭುಜಕ್ಕೆ ಪೆಟ್ಟಾಯಿತು. ಕೆಟ್ಟ ಕನಸೆಂದು ದೇವಸ್ಥಾನದಿಂದ ತಾಯತ ತಂದು ಕಟ್ಟಿದಳು. ಮಲಬದ್ಧತೆಗೆ ತ್ರಿಫಲಾ ಚೂರ್ಣ ನಡೆದೇ ಇತ್ತು. ವಾಸನೆ ಹೋಗುವುದು, ನಿದ್ದೆಯಲ್ಲಿ ಕನಸನ್ನು ಕೈಕಾಲುಗಳಲ್ಲೇ ಆಡುವುದು, ಮಲಬದ್ಧತೆ, ಈ ಮೂರೂ ನಡುಕಕ್ಕಿಂತ ವರ್ಷಗಟ್ಟಲೆ ಮೊದಲು ಕಾಣಿಸಿಕೊಳ್ಳಬಹುದೆಂದು ನರರೋಗ ತಜ್ಞರು ಇಂದು ಒಪ್ಪುತ್ತಾರೆ. ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಭಾಗವಿದೆ. ನಮ್ಮ ಚಲನೆಗೆ ಬೇಕಾದ ಡೋಪಮೈನ್ ಅಲ್ಲಿಯ ಕೋಶಗಳಿಂದ ಬರುತ್ತದೆ. ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಆ ಕೋಶಗಳಲ್ಲಿ ದೊಡ್ಡ ಪಾಲು ಸತ್ತುಹೋಗಿರುತ್ತದೆ. ಹಾಗಾಗಿ ಕಾರಣ ಹುಡುಕುವವರು ಹಿಂದಿನ ವರ್ಷವನ್ನು ನೋಡಿದರೆ ಸಾಲದು, ಇಪ್ಪತ್ತು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಈಗ ವಂಶದ ಮಾತು. ನಮ್ಮ ಮನೆತನಕ್ಕೇ ನಡುಗು ರೋಗವಿದೆ ಎಂದು ಊರಿನಲ್ಲಿ ಹೇಳುವುದುಂಟು. ಅದಕ್ಕೆ ಸಾಕ್ಷಿಯಾಗಿ ತೋರಿಸುವುದು ನನ್ನ ಅಜ್ಜನ ತಂಗಿಯನ್ನು. ಅವರನ್ನು ನಾನು ಚಿಕ್ಕಂದಿನಲ್ಲಿ ಚೆನ್ನಾಗಿ ನೋಡಿದ್ದೇನೆ. ಲೋಟ ಎತ್ತಿದಾಗ, ಸೂಜಿಗೆ ದಾರ ಪೋಣಿಸುವಾಗ ಅವರ ಎರಡೂ ಕೈ ನಡುಗುತ್ತಿದ್ದವು, ತಲೆ ಅಲ್ಲಾಡುತ್ತಿತ್ತು. ಕೈ ಮಡಿಲಲ್ಲಿಟ್ಟು ಕುಳಿತರೆ ನಡುಕ ನಿಲ್ಲುತ್ತಿತ್ತು. ನಡಿಗೆಯಲ್ಲಿ ಕೊರತೆಯಿರಲಿಲ್ಲ, 90 ದಾಟಿ ಬಾಳಿದರು. ತಂದೆಯವರದು ಇದಕ್ಕೆ ತದ್ವಿರುದ್ಧ. ಸುಮ್ಮನೆ ಕುಳಿತಾಗ ಒಂದು ಕೈ ನಡುಗುತ್ತದೆ, ಲೋಟಕ್ಕೆ ಕೈ ಚಾಚಿದರೆ ನಿಲ್ಲುತ್ತದೆ. ಮೈ ಬಿಗಿದಿದೆ, ಹೆಜ್ಜೆ ಎಳೆಯುತ್ತದೆ. ಇವೆರಡೂ ಬೇರೆ ಬೇರೆ ಕಾಯಿಲೆಗಳು. ಅಜ್ಜಿಗೆ ಇದ್ದಂಥ ನಡುಕ ಕುಟುಂಬಗಳಲ್ಲಿ ಹರಿದು ಬರುವುದು ಹೆಚ್ಚು. ಅದನ್ನು ನೋಡಿ ಪಾರ್ಕಿನ್ಸನ್ನಿಗೆ ವಂಶದ ಹಣೆಪಟ್ಟಿ ಹಚ್ಚುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಎರಡಕ್ಕೂ ನಾವು ಇಟ್ಟಿರುವ ಹೆಸರು 'ನಡುಗು' ಎಂಬ ಒಂದೇ ಹೆಸರು.

ನಿಜವಾಗಿಯೂ ವಂಶದಲ್ಲಿ ಇಳಿದು ಬರುವ ಪಾರ್ಕಿನ್ಸನ್ ಇದೆ. ಇಟಲಿಯ ಕೊಂತೂರ್ಸಿ ಎಂಬ ಊರಿನಿಂದ ಹೊರಟ ಒಂದು ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇದು ನಡೆದುಬಂದಿತ್ತು. ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಆದ ಒಂದೇ ಒಂದು ಬದಲಾವಣೆ ಅದಕ್ಕೆ ಕಾರಣವೆಂದು 1997ರಲ್ಲಿ ಗೊತ್ತಾಯಿತು. ಮರುವರ್ಷ ಜಪಾನಿನಲ್ಲಿ ಪಾರ್ಕಿನ್ ಎಂಬ ವಂಶವಾಹಿ ಪತ್ತೆಯಾಯಿತು. ಅದರ ದೋಷ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ತರುತ್ತದೆ. 2004ರಲ್ಲಿ ಎಲ್‌ಆರ್‌ಆರ್‌ಕೆ2 ಎಂಬ ಇನ್ನೊಂದು ವಂಶವಾಹಿ ಗೊತ್ತಾಯಿತು. ಅದರ ಅತಿ ಪರಿಚಿತ ರೂಪ ಉತ್ತರ ಆಫ್ರಿಕದ ಅರಬರಲ್ಲಿ ಮತ್ತು ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚು, ಭಾರತೀಯರಲ್ಲಿ ತೀರಾ ವಿರಳ. ಅದನ್ನು ಹೊತ್ತವರಿಗೆಲ್ಲ ಕಾಯಿಲೆ ಬರುವುದೂ ಇಲ್ಲ. ಪಾರ್ಕಿನ್ಸನ್ ಇರುವ ನೂರು ಜನರಲ್ಲಿ ಕುಟುಂಬದ ಬೇರೊಬ್ಬರಿಗೂ ಅದು ಇರುವವರು ಹತ್ತು ಹದಿನೈದು ಮಂದಿ. ಒಂದೇ ವಂಶವಾಹಿಯ ದೋಷದಿಂದ ಬಂದದ್ದೆಂದು ಬೆರಳಿಟ್ಟು ತೋರಿಸಬಹುದಾದವರು ಅದಕ್ಕಿಂತಲೂ ಕಡಿಮೆ. ರೋಗಿಯ ಮಕ್ಕಳಿಗೆ ಅಪಾಯ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು ಎನ್ನುವುದು ಸರಿ. ಆದರೆ ಉಳಿದವರ ಅಪಾಯವೇ ಇಡೀ ಆಯುಷ್ಯಕ್ಕೆ ನೂರಕ್ಕೆ ಒಂದೆರಡು. ಅದರ ಎರಡು ಪಟ್ಟನ್ನೋ ಮೂರು ಪಟ್ಟನ್ನೋ ಲೆಕ್ಕ ಹಾಕಿ, ಅದನ್ನು ಮೊಮ್ಮಗಳವರೆಗೆ ಎಳೆದು, ಅವಳ ಮದುವೆ ಮುರಿಯಲು ಏನು ಆಧಾರ ಉಳಿಯುತ್ತದೆ?

ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಸೈನಿಕರಲ್ಲಿ ಅವಳಿಗಳಾದ ಸುಮಾರು 20 ಸಾವಿರ ಮಂದಿಯನ್ನು ಪರೀಕ್ಷಿಸಿ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತದ್ರೂಪಿ ಅವಳಿಗಳ ವಂಶವಾಹಿಗಳು ಒಂದೇ. ಕಾಯಿಲೆ ವಂಶದ್ದೇ ಆಗಿದ್ದರೆ ಒಬ್ಬನಿಗೆ ಬಂದದ್ದು ಇನ್ನೊಬ್ಬನಿಗೂ ಬರಬೇಕಿತ್ತು. ಐವತ್ತರ ನಂತರ ಕಾಯಿಲೆ ಶುರುವಾದವರಲ್ಲಿ ಹಾಗಾಗಲಿಲ್ಲ. ತದ್ರೂಪಿಗಳಿಗೂ ಸಾಮಾನ್ಯ ಅವಳಿಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಐವತ್ತಕ್ಕೆ ಮೊದಲೇ ಬಂದವರಲ್ಲಿ ಮಾತ್ರ ವಂಶದ ಪಾತ್ರ ಎದ್ದು ಕಂಡಿತು. ನಂತರದ ಅಧ್ಯಯನಗಳು ತಡವಾಗಿ ಬರುವ ಕಾಯಿಲೆಯಲ್ಲೂ ಹತ್ತಾರು ವಂಶವಾಹಿಗಳು ಸ್ವಲ್ಪ ಸ್ವಲ್ಪ ಕೈ ಜೋಡಿಸುತ್ತವೆ ಎಂದು ತೋರಿಸಿವೆ. ಹಾಗೆ ಕೈ ಜೋಡಿಸುವುದು ಬೇರೆ, ಹಣೆಬರಹವಾಗುವುದು ಬೇರೆ. ನನ್ನ ತಂದೆಯವರಿಗೆ ಬಂದದ್ದು 71ಕ್ಕೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳದೆ ಹೋದರೆ ನಾನು ಕಲಿಸಿದ ಜೀವಶಾಸ್ತ್ರಕ್ಕೆ ನ್ಯಾಯವಾಗದು. ಪಾರ್ಕಿನ್‌ನಂಥ ದೋಷ ಮಗುವಿಗೆ ಕಾಯಿಲೆ ತರಬೇಕಾದರೆ ತಾಯಿ ತಂದೆ ಇಬ್ಬರಿಂದಲೂ ಬರಬೇಕು. ಅಕ್ಕನ ಮಗಳನ್ನು, ಅತ್ತೆಯ ಮಗನನ್ನು ಮದುವೆಯಾಗುವ ನಮ್ಮ ಸೀಮೆಯಲ್ಲಿ ಅದಕ್ಕೆ ಅವಕಾಶ ಹೆಚ್ಚು. ಮೂವತ್ತು ನಲವತ್ತರ ಒಳಗೆ ಯಾರಿಗಾದರೂ ಪಾರ್ಕಿನ್ಸನ್ ಬಂದರೆ, ತಾಯಿ ತಂದೆ ಸೋದರಿಕೆಯವರಾಗಿದ್ದರೆ, ವಂಶದ ಪ್ರಶ್ನೆ ಕೇಳಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಆ ಕುರಿತು ತಿಳಿಹೇಳುವವರು ಇದ್ದಾರೆ. ಕೇಳಬೇಕಾದ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಎಪ್ಪತ್ತು ದಾಟಿದ ಅಜ್ಜನ ಕೈ ನೋಡಿ ಮೊಮ್ಮಗಳನ್ನು ಬೇಡವೆನ್ನುತ್ತೇವೆ.

ಕಳೆದ ತಿಂಗಳು ನಾನು ತಂದೆಯವರ ಲೆಕ್ಕದ ಪುಸ್ತಕಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಅಕ್ಷರ ಚಿಕ್ಕದಾಗುವುದೂ ಈ ಕಾಯಿಲೆಯ ಲಕ್ಷಣ. ಅದು ಯಾವ ವರ್ಷದಿಂದ ಶುರುವಾಯಿತೆಂದು ನೋಡಬೇಕಿತ್ತು. 2008ರವರೆಗೂ ಅವರ ಅಕ್ಷರ ದುಂಡಗೆ, ಗೆರೆ ತುಂಬ ಇದೆ. 2010ಕ್ಕೆ ಸಾಲಿನ ಕೊನೆ ಕೊನೆಗೆ ಕುಗ್ಗುತ್ತದೆ. 2012ರಲ್ಲಿ ಸಾಸಿವೆ ಕಾಳುಗಳನ್ನು ಸಾಲಾಗಿ ಇಟ್ಟಂತಿದೆ. ಪುಟ ತಿರುವುತ್ತಿದ್ದಂತೆ ನನ್ನ ಕಣ್ಣು ಬೇರೆಯದರ ಮೇಲೆ ನಿಂತಿತು. 1970ರ ದಶಕದಿಂದ 1996ರವರೆಗೆ, ಅರೇಬಿಕಾ ಗಿಡಗಳ ಕಾಂಡಕೊರಕಕ್ಕೆಂದು ತಂದ ಬಿಎಚ್‌ಸಿ ಎಂಬ ಕೀಟನಾಶಕ ಪುಡಿಯ ಲೆಕ್ಕ. ಬಿಎಚ್‌ಸಿಯನ್ನು ನಮ್ಮ ದೇಶದಲ್ಲಿ ನಿಷೇಧಿಸಿದ್ದು 1997ರಲ್ಲಿ. ಆ ಗುಂಪಿನ ರಾಸಾಯನಿಕದ ಅಂಶ ಪಾರ್ಕಿನ್ಸನ್ ರೋಗಿಗಳ ರಕ್ತದಲ್ಲಿ ಹೆಚ್ಚಾಗಿ ಕಂಡಿದೆ ಎಂದು ಅಮೆರಿಕದ ಸಂಶೋಧಕರು 2009ರಲ್ಲಿ ಬರೆದರು. ಮತ್ತೆ 1988ರಿಂದ 2014ರವರೆಗೆ ವರ್ಷಕ್ಕೆ ಎರಡು ಸಲ, ಮುಂಗಾರಿನ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, 'ಹುಲ್ಲಿನ ಔಷಧಿ'. ನಾನು ಕೂಡಿಸಿದೆ. ಹನ್ನೆರಡು ಎಕರೆಗೆ ಅಷ್ಟು ವರ್ಷಗಳಲ್ಲಿ 400 ಲೀಟರಿಗಿಂತ ಹೆಚ್ಚು. ಅದು ಕಳೆನಾಶಕ, ಬಾಟಲಿಯ ಮೇಲಿನ ಹೆಸರು ಪ್ಯಾರಾಕ್ವಾಟ್.

ಔಷಧಿ ಎಂಬ ಆ ಪದದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ತಂದೆಯವರ ದಿಂಬಿನ ಪಕ್ಕದಲ್ಲಿರುವ ಲೆವೊಡೋಪಾ ಮಾತ್ರೆಯನ್ನೂ ನಾವು ಔಷಧಿ ಎನ್ನುತ್ತೇವೆ, ತೋಟಕ್ಕೆ ಹೊಡೆದ ವಿಷವನ್ನೂ ಔಷಧಿ ಎನ್ನುತ್ತೇವೆ. ಔಷಧಿ ಎಂದ ಮೇಲೆ ಅದಕ್ಕೆ ಕೈಗವಸು ಯಾಕೆ, ಮುಖಕ್ಕೆ ಬಟ್ಟೆ ಯಾಕೆ? ಬಾಟಲಿಯ ಮೇಲಿನ ಹಳದಿ ತ್ರಿಕೋನದ ಅರ್ಥ ಅತಿ ವಿಷಕಾರಿ ಎಂದು. ಅದನ್ನು ನಾನು ತರಗತಿಯಲ್ಲಿ ಒಮ್ಮೆಯೂ ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಆ ಮಕ್ಕಳಲ್ಲಿ ಮುಕ್ಕಾಲು ಪಾಲು ತೋಟದ ಮನೆಗಳವರು, ಕೂಲಿಯವರ ಲೈನಿನ ಮನೆಗಳವರು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಪ್ಯಾರಾಕ್ವಾಟ್ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದ ಕಥೆಯನ್ನು ತಮ್ಮ ಓದುಗರು ತಿಳಿಯಬೇಕು. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಕಲ್ಲುಕಂಬದಂತೆ ಸೆಟೆದು ಆಸ್ಪತ್ರೆ ಸೇರಿದರು. ಮಾತಿಲ್ಲ, ಚಲನೆಯಿಲ್ಲ. ಎಪ್ಪತ್ತರ ಮುದುಕರಿಗೆ ಬರುವ ಕಾಯಿಲೆ ಕೆಲವೇ ದಿನಗಳಲ್ಲಿ ಅವರ ಮೇಲೆರಗಿತ್ತು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರರೋಗ ವೈದ್ಯರು ಬೆನ್ನು ಹತ್ತಿ ನೋಡಿದಾಗ, ಅವರೆಲ್ಲ ಕಳ್ಳತನದಲ್ಲಿ ತಯಾರಾದ ಒಂದೇ ಮಾದಕ ವಸ್ತುವನ್ನು ಚುಚ್ಚಿಕೊಂಡಿದ್ದರು. ಅದರಲ್ಲಿ ಎಂಪಿಟಿಪಿ ಎಂಬ ಕಲಬೆರಕೆಯಿತ್ತು. ಅದು ಮಿದುಳಿನೊಳಗೆ ಇನ್ನೊಂದು ರೂಪಕ್ಕೆ ತಿರುಗಿ, ಡೋಪಮೈನ್ ಕೋಶಗಳ ಶಕ್ತಿಯ ಮೂಲವನ್ನೇ ಕೆಡಿಸಿ ಅವನ್ನು ಕೊಂದಿತ್ತು. ಹೊರಗಿನ ಒಂದು ರಾಸಾಯನಿಕ ಈ ಕಾಯಿಲೆಯನ್ನು ತರಬಲ್ಲದೆಂದು ಮನುಷ್ಯರಲ್ಲಿ ಅಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಆಗಲೇ. ಆ ತಿರುಗಿದ ರೂಪದ ರಚನೆಗೂ ಪ್ಯಾರಾಕ್ವಾಟಿನ ರಚನೆಗೂ ಹತ್ತಿರದ ಹೋಲಿಕೆಯಿದೆ. ಅಲ್ಲಿಂದಲೇ ಅನುಮಾನ ಹುಟ್ಟಿತು. 2011ರಲ್ಲಿ ಅಯೋವಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳ ರೈತರ, ಸಿಂಪಡಣೆಗಾರರ ಅಧ್ಯಯನ ಬಂತು. ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತು. ರೋಟಿನೋನ್ ಎಂಬ ಕೀಟನಾಶಕಕ್ಕೂ ಅಷ್ಟೇ ಸಂಬಂಧ ಕಂಡಿತು.

ಸಂಬಂಧ ಕಂಡಿತು ಎಂದರೆ ಕಾರಣ ಸಾಬೀತಾಯಿತು ಎಂದಲ್ಲ. ತಯಾರಕರು ಈ ಮಾತನ್ನೇ ಮುಂದಿಡುತ್ತಾರೆ. ನನ್ನ ತಂದೆಯವರ ಕಾಯಿಲೆ ಆ 400 ಲೀಟರಿನಿಂದಲೇ ಬಂತೆಂದು ನಾನು ಆಣೆಯಿಟ್ಟು ಹೇಳಲಾರೆ. ಕಾಫಿ ಕುಡಿಯುವವರಲ್ಲಿ ಈ ಕಾಯಿಲೆ ಕಡಿಮೆ ಎಂದು ಹವಾಯಿಯ ಹೊನೊಲುಲುವಿನಲ್ಲಿ ನಡೆದ ಅಧ್ಯಯನ 2000ದಲ್ಲಿ ಹೇಳಿತು. ಹುಡುಗುತನದಿಂದ ದಿನಕ್ಕೆ ಐದು ಲೋಟ ಕಾಫಿ ಕುಡಿದ ನನ್ನ ತಂದೆಯವರಿಗೆ ಅದು ಬಂದೇ ಬಂತು. ಸಾವಿರ ಜನರ ಲೆಕ್ಕ ಒಬ್ಬ ಮನುಷ್ಯನ ಹಣೆಯ ಮೇಲೆ ಬರೆದಿರುವುದಿಲ್ಲ. ಆದರೆ ಸಾವಿರ ಜನರನ್ನು ಕಾಯಬೇಕಾದ ಸರ್ಕಾರ ಸಾವಿರ ಜನರ ಲೆಕ್ಕವನ್ನೇ ನೋಡಬೇಕಲ್ಲವೆ? ಐರೋಪ್ಯ ಒಕ್ಕೂಟದಲ್ಲಿ 2007ರಲ್ಲಿ ಪ್ಯಾರಾಕ್ವಾಟಿನ ಅನುಮತಿ ರದ್ದಾಯಿತು. ಬ್ರೆಜಿಲ್ ಮತ್ತು ಥಾಯ್ಲೆಂಡ್ 2020ರಲ್ಲಿ ನಿಷೇಧಿಸಿದವು. ನೆರೆಯ ಕೇರಳ 2011ರಲ್ಲೇ ಬೇಡವೆಂದಿತು. ಕುಡಿದರೆ ಅದಕ್ಕೆ ಪ್ರತಿವಿಷವಿಲ್ಲ, ನಮ್ಮ ಎಷ್ಟೋ ಹಳ್ಳಿಗಳಲ್ಲಿ ಜೀವ ಕಳೆದುಕೊಂಡವರ ಕೈಯಲ್ಲಿದ್ದದ್ದು ಅದೇ ಬಾಟಲಿ. ಆ ಕಾರಣವೊಂದೇ ಸಾಕಿತ್ತು. ಫ್ರಾನ್ಸ್ 2012ರಲ್ಲಿ, ಕೀಟನಾಶಕಗಳೊಂದಿಗೆ ಕೆಲಸ ಮಾಡಿದ ರೈತರಿಗೆ ಬರುವ ಪಾರ್ಕಿನ್ಸನ್ನನ್ನು ಔದ್ಯೋಗಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅಲ್ಲಿಯ ರೈತ ಎಷ್ಟು ವರ್ಷ ಏನನ್ನು ಸಿಂಪಡಿಸಿದ ಎಂದು ಕೇಳುವುದು ಆಡಳಿತದ ಕರ್ತವ್ಯವಾಯಿತು.

ನಮ್ಮಲ್ಲಿ? 2012ರಿಂದ ಇಂದಿನವರೆಗೆ ತಂದೆಯವರನ್ನು ನಾಲ್ವರು ವೈದ್ಯರು ನೋಡಿದ್ದಾರೆ. ನಾಲ್ವರೂ ಸಜ್ಜನರು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ನಾಲ್ವರೂ ಕೇಳಿದರು. ತೋಟಕ್ಕೆ ಏನು ಹೊಡೆಯುತ್ತಿದ್ದಿರಿ, ಎಷ್ಟು ವರ್ಷ ಹೊಡೆದಿರಿ ಎಂದು ಒಬ್ಬರೂ ಕೇಳಲಿಲ್ಲ. ಚೀಟಿಯ ಮೇಲೆ ವೃತ್ತಿ ಎಂಬಲ್ಲಿ 'ಕೃಷಿಕ' ಎಂದು ಬರೆದು ಮುಂದೆ ಹೋದರು.

ತಂದೆಯವರು ಪುಡಿ ಅಳೆದರು, ಬಕೆಟ್ಟಿನಲ್ಲಿ ಕೋಲಿನಿಂದ ತಿರುವಿದರು, ಪಕ್ಕದಲ್ಲಿ ನಿಂತರು. ಸಿಂಪಡಣೆಯ ಪಂಪನ್ನು ಬೆನ್ನಿಗೆ ಹೊತ್ತವರು ಬೇರೆ. ನಮ್ಮ ತೋಟದಲ್ಲಿ ಮೂವತ್ತು ವರ್ಷ ದುಡಿದ ಅವರಿಗೆ ಈಗ 68. ಹದಿನೈದು ಲೀಟರಿನ ಆ ಪಂಪಿನ ಮುಚ್ಚಳ ಸಡಿಲವಾಗಿ ಅವರ ಅಂಗಿಯ ಬೆನ್ನು ಸದಾ ಒದ್ದೆಯಿರುತ್ತಿತ್ತು. ನಳಿಕೆ ಕಟ್ಟಿಕೊಂಡರೆ ಬಾಯಿಂದ ಊದಿ ಬಿಡಿಸುತ್ತಿದ್ದರು. ಒಂದು ವರ್ಷ ಹೆಬ್ಬೆರಳಿನ ಉಗುರು ಬೆಳ್ಳಗಾಗಿ ಕಳಚಿ ಬಿತ್ತು, ಮೂಗಿನಿಂದ ರಕ್ತ ಬಂತು. ಇವೆರಡೂ ಪ್ಯಾರಾಕ್ವಾಟಿನ ಗುರುತುಗಳೆಂದು ಈಗ ಓದಿ ತಿಳಿದಿದ್ದೇನೆ. ಅಂದು ನಾವು ಅರಿಸಿನ ಹಚ್ಚಲು ಹೇಳಿದೆವು. ಸಂಜೆ ಪಂಪನ್ನು ತೊಳೆಯುತ್ತಿದ್ದದ್ದು ಹಳ್ಳದಲ್ಲಿ, ಅದೇ ಹಳ್ಳದ ಕೆಳಗಡೆ ಲೈನಿನ ಮನೆಗಳವರು ನೀರು ತರುತ್ತಿದ್ದರು.

ಏಳು ವರ್ಷಗಳಿಂದ ಅವರ ಬಲಗೈ ನಡುಗುತ್ತಿದೆ. ಬೆನ್ನು ಬಾಗಿದೆ, ಪುಟ್ಟ ಪುಟ್ಟ ಹೆಜ್ಜೆ, ಮುಖದಲ್ಲಿ ನಗು ಮೂಡುವುದಿಲ್ಲ, ಮಾತು ಪಕ್ಕದಲ್ಲಿದ್ದವರಿಗೂ ಕೇಳದಷ್ಟು ಮೆಲ್ಲಗಾಗಿದೆ. ಅವರ ತಾಯಿ ತಂದೆಗೆ, ಐವರು ಒಡಹುಟ್ಟಿದವರಲ್ಲಿ ಒಬ್ಬರಿಗೂ ಇಂಥದ್ದಿಲ್ಲ. ಕುಡಿದು ಕುಡಿದು ಹೀಗಾದ ಎಂದು ಊರು ಹೇಳುತ್ತದೆ. ಅವರು ಕುಡಿತ ಬಿಟ್ಟು ಇಪ್ಪತ್ತು ವರ್ಷವಾಯಿತು. ಅವರನ್ನು ಯಾವ ನರರೋಗ ತಜ್ಞರೂ ನೋಡಿಲ್ಲ. ನನ್ನ ತಂದೆಯವರ ನಡುಕಕ್ಕೆ ಊರು ವಂಶವನ್ನು ದೂರಿತು, ಅವರ ನಡುಕಕ್ಕೆ ನಡತೆಯನ್ನು ದೂರಿತು. ಇಬ್ಬರ ನಡುವೆ ಇಪ್ಪತ್ತಾರು ವರ್ಷ ಓಡಾಡಿದ ಪಂಪು ಕೊಟ್ಟಿಗೆಯ ಗೋಡೆಯ ಮೇಲೆ ತೂಗುತ್ತಿತ್ತು. ನಾನೂ ಅದನ್ನು ನೋಡಿ ಸುಮ್ಮನಿದ್ದವಳೇ.

ತಮ್ಮಲ್ಲಿ ನನ್ನ ವಿನಂತಿ: ಆ ಬರಹದ ಮುಂದಿನ ಭಾಗವನ್ನು ದಯವಿಟ್ಟು ಪ್ರಕಟಿಸಿ. ಆನುವಂಶಿಕ ಎಂಬ ಪದ ಬಳಸಿದಲ್ಲೆಲ್ಲ ಎಷ್ಟು ಪಾಲು, ಯಾವ ವಯಸ್ಸಿನವರಿಗೆ ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿಸಿ. ವೈದ್ಯರಲ್ಲಿ ಕೇಳಿಕೊಳ್ಳುವುದು, ತಮ್ಮ ಮುಂದೆ ಕುಳಿತ ರೈತ ಅಥವಾ ಕೂಲಿಕಾರ ಏನನ್ನು, ಎಷ್ಟು ವರ್ಷ, ಹೇಗೆ ಹೊಡೆದ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ನಮ್ಮ ರಾಜ್ಯದ ತೋಟಗಳ ಲೆಕ್ಕ ನಮಗೆ ಸಿಗುವುದು ಆ ಚೀಟಿಗಳಿಂದಲೇ. ಕೃಷಿ ಇಲಾಖೆ ಪ್ಯಾರಾಕ್ವಾಟಿನ ಮಾರಾಟವನ್ನು ನಿಲ್ಲಿಸಲು ಕೇಂದ್ರವನ್ನು ಒತ್ತಾಯಿಸಬೇಕು. ಅಲ್ಲಿಯವರೆಗೆ ಅಂಗಡಿಯವರು ಅದನ್ನು ಔಷಧಿ ಎಂದು ಕರೆದು ಕೊಡುವುದನ್ನಾದರೂ ಬಿಡಲಿ. ಕೂಲಿಯಾಳು ಸಿಗುವುದಿಲ್ಲ, ಕತ್ತಿಯಲ್ಲಿ ಹುಲ್ಲು ಸವರಿಸಿದರೆ ಪೂರೈಸುವುದಿಲ್ಲ ಎಂಬ ಬೆಳೆಗಾರರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಾವು 2014ರ ನಂತರ ಕಳೆ ಕತ್ತರಿಸುವ ಯಂತ್ರ ತಂದೆವು. ಖರ್ಚು ಹೆಚ್ಚಾಗಿದೆ, ತೋಟ ಉಳಿದಿದೆ.

ಹುಡುಗನ ಮನೆಯವರಿಗೆ ಈ ಪತ್ರದ ಪ್ರತಿಯೊಂದನ್ನು ಕಳುಹಿಸಿದ್ದೇನೆ. ಬರುವ ಮಂಗಳವಾರ ತಂದೆಯವರನ್ನು ಶಿವಮೊಗ್ಗಕ್ಕೆ ತಪಾಸಣೆಗೆ ಕರೆದೊಯ್ಯುತ್ತಿದ್ದೇನೆ. ಲೆಕ್ಕದ ಪುಸ್ತಕಗಳಿಂದ ವರ್ಷ, ಹೆಸರು, ಲೀಟರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ಎರಡು ಪ್ರತಿ. ಒಂದು ತಂದೆಯವರ ಕಡತಕ್ಕೆ. ಇನ್ನೊಂದು ಪಂಪು ಹೊತ್ತವರ ಕಡತಕ್ಕೆ. ಅದೇ ಜೀಪಿನಲ್ಲಿ ಅವರೂ ಬರುತ್ತಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ